ಒಳತುದಿಯ ಅರಿಶಿನ

"ಅಲ್ಲಾಡಬೇಡ ಕಣೋ ಮುನಿಸ್ವಾಮಿ. ಬೆಳಕಿಗೆ ಅಡ್ಡ ಬರ್ತೀಯ," ಅಂದರು ಭಾವ.

ನಾನು ಅಲ್ಲಾಡಿರಲಿಲ್ಲ. ನನ್ನ ಹೊಟ್ಟೆ ಕಿಟಕಿಗಿಂತ ಸ್ವಲ್ಪ ಅಗಲವಾಗಿದ್ದರೆ ಅದು ನನ್ನ ಹೆಂಡತಿ ಭಾಗ್ಯಮ್ಮನ ಕೈರುಚಿಯ ತಪ್ಪೇ ಹೊರತು ನನ್ನದಲ್ಲ. ಆದರೂ ಪಕ್ಕಕ್ಕೆ ಸರಿದೆ. ಪತ್ತೆ ಕೆಲಸಕ್ಕೆ ಇಳಿದಾಗ ನಮ್ಮ ಭಾವ ಕೋದಂಡರಾಮಯ್ಯನವರ ಹತ್ತಿರ ವಾದ ಮಾಡುವುದು ದಂಡ.

ಅವತ್ತು ಅಮಾವಾಸ್ಯೆ. ದೊಡ್ಡಬಳ್ಳಾಪುರದಲ್ಲಿ ಅಮಾವಾಸ್ಯೆ ದಿನ ಮಗ್ಗ ಆಡಿಸುವವರಿಲ್ಲ. ಮಿಕ್ಕ ದಿನ ಕಟಕಟ ಅಂತ ಕಿವಿ ತಿನ್ನುವ ನಮ್ಮ ಬೀದಿಯಲ್ಲಿ ಕಾಗೆ ಕೂಗಿದ್ದೂ ಕೇಳುತ್ತಿತ್ತು. ನನ್ನ ನಾಲ್ಕು ಪವರ್‌ಲೂಮುಗಳೂ ಹೂವು ಏರಿಸಿಕೊಂಡು ತೆಪ್ಪಗೆ ನಿಂತಿದ್ದವು. ಅವುಗಳ ನಡುವೆ ಹಾಸಿದ ಮಂಚದ ಮೇಲೆ ಆ ಹಾಳು ಸೀರೆ ಹರಡಿಕೊಂಡಿತ್ತು.

ಗುಲಾಬಿ ಹೂವಿನ ಜಪಾನ್ ನೈಲಾನ್ ಸೀರೆ. ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿಯೊಳಗೇ ಮಾಯವಾಗುವಂಥದ್ದು. ಕಳ್ಳದೋಣಿಯಲ್ಲಿ ಬಂದು ಚಿಕ್ಕಪೇಟೆಯ ಒಳಕೋಣೆಗಳಲ್ಲಿ ಮಾರಾಟವಾಗುವ ಇಂಥ ಸೀರೆಯ ಬೆಲೆಗೆ ನಮಗೆ ನೂಲು ಕೂಡ ಸಿಗುವುದಿಲ್ಲ. ಇಂಥವು ಒಂದು ರಾಶಿ ನಮ್ಮ ಕೆರೆಬೀದಿ ನೇಕಾರರ ಸಂಘದ ಪಿಂಡಿಯೊಳಗೆ ಸಿಕ್ಕಿ, ಸುಂಕದವರು ಯಲಹಂಕದ ಹತ್ತಿರ ಲಾರಿ ತಡೆದು ಹಿಡಿದದ್ದನ್ನು ನೀವು ಹಿಂದೆಯೇ ಓದಿದ್ದೀರಿ.

ನಾಳೆ ಸಂಜೆಯೊಳಗೆ ಅವನ್ನು ಪಿಂಡಿಗೆ ಸೇರಿಸಿದವರು ಯಾರೆಂದು ತಿಳಿಯದಿದ್ದರೆ, ಹೊರದೇಶದ ನೂಲು ತರಿಸಲು ಸಂಘಕ್ಕಿರುವ ಲೈಸೆನ್ಸು ರದ್ದು. ಲೈಸೆನ್ಸಿಲ್ಲದೆ ನೂಲಿಲ್ಲ. ನೂಲಿಲ್ಲದಿದ್ದರೆ ನಮ್ಮ ಬೀದಿಗೆ ದಿನವೂ ಅಮಾವಾಸ್ಯೆ.

ಭಾವ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದರು. ಎಲೆಯಡಿಕೆಗೆ ಸಮಯವೇ ಇದು ಅಂತ ನನಗೆ ಸಿಟ್ಟು ಬಂತು. ಅವರು ಎಲೆ ಮುಟ್ಟಲಿಲ್ಲ. ಕಿರುಬೆರಳಿಗೆ ಚೂರು ಸುಣ್ಣ ತೆಗೆದುಕೊಂಡು, ಸೀರೆಯ ಒಂದು ಮೂಲೆಯಲ್ಲಿ ಕಂಡೂ ಕಾಣದ ಹಾಗಿದ್ದ ಹಳದಿ ಬೊಟ್ಟಿನ ಮೇಲೆ ಮೆಲ್ಲಗೆ ಸವರಿದರು.

ಬೊಟ್ಟು ಕೆಂಪಗಾಯಿತು. ಆರತಿ ತಟ್ಟೆಯ ಓಕುಳಿ ಹೇಗಿರುತ್ತದೆ, ಹಾಗೆ.

"ಅರಿಶಿನ," ಅಂದೆ ನಾನು. ಇದನ್ನು ಹೇಳುವುದಕ್ಕೆ ಪತ್ತೇದಾರನೇ ಆಗಬೇಕಿಲ್ಲ ನೋಡಿ.

"ಜಪಾನಿನೋರು ಸೀರೆಗೆ ಅರಿಶಿನ ಇಡ್ತಾರೇನೋ?"

ಬರೀ ಸೀರೆ ಮನೆ ಹೊಸಿಲು ದಾಟಬಾರದು ಅನ್ನುವುದು ನಮ್ಮವರ ನೇಮ. ಮಗ್ಗದಿಂದ ಇಳಿದ ಸೀರೆಯನ್ನು ಹೆಂಗಸರು ಮಡಿಸುವಾಗ ಅರಿಶಿನದ ಬೆರಳನ್ನು ಒಂದು ಮೂಲೆಗೆ ತಾಗಿಸಿಯೇ ಹೊರಗೆ ಕಳಿಸುತ್ತಾರೆ. ಕಳ್ಳ ಸೀರೆಗೂ ಅದೇ ಆಗಿತ್ತು. ಸಂಘವನ್ನು ಮುಳುಗಿಸಲು ಹೊರಗಿನವನೊಬ್ಬ ಈ ಕೆಲಸ ಮಾಡಿದ್ದಾನೆಂದು ನಾನು ಊರೆಲ್ಲ ಸಾರಿಕೊಂಡು ಬಂದಿದ್ದೆ. ಈಗ ನೋಡಿದರೆ ಈ ಸೀರೆ ನಮ್ಮದೇ ಯಾವುದೋ ಮನೆಯ ನಡುಮನೆಯಲ್ಲಿ ಮಡಿಕೆಯಾಗಿ ಹೊರಟಿತ್ತು. ಕೈ ಅಭ್ಯಾಸ ಬಿಡಬೇಕಲ್ಲ.

ಭಾವ ಸುಂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ನನ್ನ ಅಕ್ಕ ಅಕ್ಕಯ್ಯಮ್ಮನ ಹಟಕ್ಕೆ ಸೋತು ಅವಳ ತೌರಿನ ಬೀದಿಯಲ್ಲೇ ಮನೆ ಮಾಡಿದ್ದಾರೆ. ಪಿಂಡಿ ಹಿಡಿದ ಅಧಿಕಾರಿ ಹಿಂದೆ ಇವರ ಕೈಕೆಳಗೆ ಕೆಲಸ ಕಲಿತವರಾದ್ದರಿಂದ, ಪಿಂಡಿಯ ಮೇಲುಗಡೆಯೇ ಇದ್ದ ಈ ಒಂದು ಸೀರೆಯನ್ನು ನೋಡಲು ಕೊಟ್ಟಿದ್ದರು. ಉಳಿದವನ್ನು ಅರಗಿನ ಮುದ್ರೆ ಹಾಕಿ ಇಟ್ಟುಕೊಂಡಿದ್ದರು. ಅವೆಲ್ಲ ನೀಲಿ ಬಳ್ಳಿಯವು ಅಂತ ಒಂದು ಮಾತು ಹೇಳಿದ್ದು ಬಿಟ್ಟರೆ ಅವರು ತುಟಿ ಬಿಚ್ಚಿರಲಿಲ್ಲ.

"ಎಲ್ಲಾ ನೀಲಿ, ಇದೊಂದು ಗುಲಾಬಿ ಯಾಕೆ?" ಅಂತ ಭಾವ ಬೆಳಗಿನಿಂದ ಗೊಣಗುತ್ತಿದ್ದರು. ಕಳ್ಳನಿಗೂ ಬಣ್ಣದ ಆಸೆ ಇರಬಾರದೇ ಅಂತ ನಾನು ತಳ್ಳಿಹಾಕಿದ್ದೆ.

ಅವರು ಸೀರೆಯ ಅಂಚನ್ನು ಉದ್ದಕ್ಕೂ ಬೆರಳಲ್ಲಿ ಎಳೆಯುತ್ತ ಬಂದು, ಇದಕ್ಕೆ ಸಂಘದ ಮೊಹರಿಲ್ಲವಲ್ಲ ಅಂದರು.

ಹೇಗಿದ್ದೀತು? ನಾನು ಪಂಚೆ ಸಡಿಲಿಸಿ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ತೋರಿಸಿದೆ. ಸಂಘದ ಮೊಹರು ಇರುವ ಪೆಟ್ಟಿಗೆಯನ್ನು ಕಮಿಟಿಯವರು ಸರದಿಯ ಮೇಲೆ ಕಾಯುತ್ತೇವೆ, ಈ ಸರದಿ ನನ್ನದು. ಸ್ನಾನಕ್ಕೂ ಅದನ್ನು ಬಿಚ್ಚಿಲ್ಲ. ಸೊಂಟದ ಚರ್ಮ ಉಜ್ಜಿ ಕಪ್ಪಾಗಿದೆ. ಮಡಿಸಿಟ್ಟ ಸೀರೆಯ ರಾಶಿಗೆ ಬಿಚ್ಚಿ ನೋಡದೆ ಕಾಫಿ ಆರುವುದರೊಳಗೆ ಮೊಹರು ಒತ್ತಿ ಮುಗಿಸುವುದರಲ್ಲಿ ನನ್ನಂಥವನು ಕಮಿಟಿಯಲ್ಲೇ ಇಲ್ಲ. ನನ್ನ ಸರದಿಯಲ್ಲಿ ಕಳ್ಳಮಾಲಿಗೆ ಮೊಹರು ಬೀಳುವುದುಂಟೇ?

"ಮುಚ್ಕೊಳಯ್ಯ, ಯಾರಾದ್ರೂ ಬಂದಾರು," ಅಂದರು ಭಾವ.

ಬಂದೇಬಿಟ್ಟ. ಪಾಪಯ್ಯ, ನಮ್ಮ ಸಂಘದ ಗೋದಾಮು ಕಾಯುವವನು. ನಲ್ಲೂರಿನ ಕಡೆಯ ಒಕ್ಕಲು ಮನೆಯವನು, ಒಬ್ಬಂಟಿ. ಪಿಂಡಿ ಕಟ್ಟಿದವನೂ ಅವನೇ, ಲಾರಿಯಲ್ಲಿ ಜೊತೆಗೆ ಹೋದವನೂ ಅವನೇ. ಹಾಗಾಗಿ ಸುಂಕದವರ ಕಣ್ಣು ಮೊದಲು ಬಿದ್ದದ್ದು ಅವನ ಮೇಲೆ. ನಾಳೆ ಬೇರೆ ಯಾರೂ ಸಿಗದಿದ್ದರೆ ಜೀಪು ಹತ್ತುವವನು ಅವನು. ಅಂಥವನು ಕಂಕುಳಲ್ಲಿ ಹುಣಸೆಹಣ್ಣಿನ ಗಂಟು ಇಟ್ಟುಕೊಂಡು, ಮದುವೆಗೆ ಬಂದವನ ಹಾಗೆ ಹಲ್ಲು ಬಿಡುತ್ತ ನಿಂತಿದ್ದ. ಅಕ್ಕಯ್ಯಮ್ಮನೋರು ಕೇಳಿದ್ದರು, ಊರಿಂದ ತಂದೆ ಅಂದ.

ಅವನ ಮನೆಯಲ್ಲಿ ಸೀರೆ ಮಡಿಸುವ ಹೆಂಗಸರೂ ಇಲ್ಲ, ಅರಿಶಿನ ಇಡುವ ಅಭ್ಯಾಸವೂ ಇಲ್ಲ. ಈ ಬೊಟ್ಟು ಅವನದಲ್ಲ ಅನ್ನುವುದು ನನಗೆ ಖಾತ್ರಿಯಾಗಿ, ಅವನ ಬೆನ್ನು ತಟ್ಟಿದೆ. ಹೆದರಬೇಡ ಅಂದೆ.

ಭಾವ ಅವನನ್ನು ಕೂರಿಸಿಕೊಂಡು ಕೇಳಿದರು. ಲಾರಿ ಹತ್ತಿರ ಪಿಂಡಿ ಬಿಚ್ಚಿದಾಗ ಪಕ್ಕದಲ್ಲೇ ಇದ್ದೆಯಲ್ಲ, ಆ ನೀಲಿ ಸೀರೆಗಳಲ್ಲಿ ಏನಾದರೂ ವಿಶೇಷ ಕಂಡೆಯಾ?

ಪಾಪಯ್ಯನ ನಗು ನಿಂತಿತು. ಅವನು ಭಾವನ ಮುಖ ನೋಡಲಿಲ್ಲ. ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ನಾನೇನೂ ಕಾಣ್ಲಿಲ್ಲ ಸ್ವಾಮಿ. ನಂಗೆ ಕಣ್ಣು ಮಂಜು ಐತೆ."

ಕಾಲು ಮೈಲಿ ದೂರದ ಹುಣಸೆಮರದಲ್ಲಿ ಹಣ್ಣಾಗಿದೆಯೋ ಕಾಯಾಗಿದೆಯೋ ಹೇಳುವ ಆಸಾಮಿ ಇವನು. ಹೆದರಿಕೆಗೆ ಹಾಗಂದ ಅಂದುಕೊಂಡು ನಾನು ಸುಮ್ಮನಾದೆ. ಅವನು ಗಂಟನ್ನು ಅಲ್ಲೇ ಇಟ್ಟು ಹೋದ.

* * *

ಪಕ್ಕದ ಮನೆಯ ಮುತ್ತಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಈ ಬೀದಿಯ ಅರ್ಧ ಹೆಂಗಸರಿಗೆ ಸೀರೆ ಮಡಿಸುವುದನ್ನು ಕಲಿಸಿದ ಮುದುಕಿ. ಗಂಡಸರಿಗೆ ಮಡಿಕೆಯ ವಿಷಯ ಏನು ಗೊತ್ತು? ಹಾಸು ಹೊಕ್ಕು ಅಂದರೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಸೀರೆ ಮಗ್ಗದಿಂದ ಇಳಿದ ಮೇಲೆ ಅದು ಒಳಮನೆಗೆ ಸೇರಿದ್ದು, ನಾವು ತಿರುಗಿಯೂ ನೋಡುವುದಿಲ್ಲ.

ಭಾವ ಸೀರೆಯನ್ನು ಅವಳ ಮಡಿಲಿಗೆ ಹಾಕಿ, ಯಾವ ಮನೆಯ ಬೆರಳು ಹೇಳಮ್ಮ ಅಂದರು.

ಮುತ್ತಮ್ಮ ಮೊದಲು ಸೀರೆಯನ್ನು ಬಯ್ದಳು. ಇದನ್ನು ಉಟ್ಟವಳಿಗೆ ಒಲೆಯ ಮುಂದೆ ಕೂರುವ ಯೋಗವಿಲ್ಲ, ಕಿಡಿ ಬಿದ್ದರೆ ಅಂಟಿಕೊಂಡು ಸುಡುತ್ತದೆ ಅಂದಳು. ಆಮೇಲೆ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದು ಹುಬ್ಬು ಗಂಟು ಹಾಕಿದಳು.

"ಇದು ಸೆರಗಿನ ಮೂಲೆ ಅಲ್ಲ ಕಣಪ್ಪ. ಒಳತುದಿ. ಉಡುವಾಗ ಮೊದ್ಲು ಸೊಂಟಕ್ಕೆ ಸಿಕ್ಕಿಸ್ತೀವಲ್ಲ, ಆ ತುದಿ. ಈ ಊರಲ್ಲಿ ಎಲ್ಲಾರೂ ಇಡೋದು ಸೆರಗಿಗೆ."

ಎಲ್ಲರೂ ಅಂದರೆ ಎಲ್ಲರೂನಾ ಅಂತ ಭಾವ ಒತ್ತಿ ಕೇಳಿದರು.

ಮುತ್ತಮ್ಮ ನನ್ನ ಕಡೆ ತಿರುಗಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಒಳತುದಿಗೆ ಇಡ್ತಿದ್ದೋಳು ಒಬ್ಳೇ. ಇವ್ನ ಅಜ್ಜಿ ಮುನಿತಾಯಮ್ಮ. ಸೆರಗಿಗೆ ಇಟ್ರೆ ಕೊಳ್ಳೋರಿಗೆ ಕಾಣ್ತದೆ, ದೇವ್ರಿಗೆ ಕಂಡ್ರೆ ಸಾಕಲ್ವಾ ಅನ್ನೋಳು. ಭಾರಿ ಹಟಮಾರಿ."

ನಮ್ಮಜ್ಜಿ ತೀರಿಕೊಂಡು ಯಾವ ಕಾಲವಾಯಿತು. ಅವಳ ಬೆರಳು ಬಂದು ಈ ಬೊಟ್ಟು ಇಟ್ಟಿರಲಾರದು. ಅವಳ ಮನೆ ಈಗ ನನ್ನ ಮನೆ. ಆ ಮನೆಯಲ್ಲಿ ಸೀರೆ ಮಡಿಸುವವಳು ನನ್ನ ಹೆಂಡತಿ.

ಭಾಗ್ಯಮ್ಮ? ಒಂದು ನಿಂಬೆಹಣ್ಣನ್ನು ಪಕ್ಕದ ಮನೆಯಿಂದ ತಂದರೆ ಎರಡು ವಾಪಸು ಕೊಡುವವಳು. ಆದರೆ ಹೋದ ಯುಗಾದಿಗೆ ಚಿಕ್ಕಪೇಟೆಯ ಅಂಗಡಿಯೊಂದರ ಮುಂದೆ ಇಂಥದೇ ಸೀರೆ ನೋಡಿ ನಿಂತವಳನ್ನು ನಾನು ಕೈಹಿಡಿದು ಎಳೆದುಕೊಂಡು ಬಂದಿದ್ದೆ. ನೇಕಾರನ ಹೆಂಡತಿ ಜಪಾನ್ ಸೀರೆ ಉಟ್ಟರೆ ಊರು ನಗುತ್ತೆ ಅಂತ ಬಸ್ಸಿನುದ್ದಕ್ಕೂ ಬಯ್ದಿದ್ದೆ. ಅವಳು ಆಗ ತಿರುಗಿ ಮಾತಾಡಿರಲಿಲ್ಲ. ಭಾಗ್ಯಮ್ಮ ತಿರುಗಿ ಮಾತಾಡಲಿಲ್ಲ ಅಂದರೆ ಅದು ಒಳ್ಳೆಯ ಲಕ್ಷಣವಲ್ಲ.

ಭಾವನ ಮುಖ ನೋಡಿದೆ. ಅವರು ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಬಹಳ ನಿಧಾನವಾಗಿ.

"ಮನೆಗೆ ಹೋಗೋಣ್ವಾ ಭಾವ?"

"ಆಮೇಲೆ. ಮೊದ್ಲು ರೈಲ್ವೆ ಸ್ಟೇಷನ್ನು."

* * *

ಬೆಂಗಳೂರಿಗೆ ಹೋಗುವ ಮಧ್ಯಾಹ್ನದ ಗಾಡಿ ಎಂದಿನಂತೆ ತಡ. ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ವೆಂಕಟರಾಮಪ್ಪ ಕೂತಿದ್ದ. ಊರಲ್ಲಿ ಮನೆ, ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ಹುಟ್ಟಿದ್ದು ಮಗ್ಗದ ಮನೆಯಲ್ಲಿ, ತೊಟ್ಟಿದ್ದು ಟೆರಿಲಿನ್ ಅಂಗಿ. ಜಪಾನ್ ಮಾಲು ಮಾರುತ್ತಾನೆಂದು ಊರಿಗೆಲ್ಲ ಗೊತ್ತು. ನಮ್ಮ ಸಂಘ ಮುಚ್ಚಿದರೆ ಅವನ ಮಾಲಿಗೆ ಎದುರೇ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಕಳ್ಳ ಅವನೇ. ಈಗಂತೂ ಅವನೇ ಆಗಲಿ ಅಂತ ನಾನು ಮನೆದೇವರಿಗೆ ಹರಕೆ ಹೊತ್ತುಕೊಂಡಿದ್ದೆ.

ನಮ್ಮನ್ನು ಕಂಡವನೇ ಎದ್ದು ನಿಂತು, ಕಾಫಿಯವನನ್ನು ಕರೆದ. ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ಭಾವ ಬೆಂಚಿನ ಮೇಲೆ ಅವನ ಪಕ್ಕ ಕೂತು, ಚೀಲದಿಂದ ಸೀರೆಯ ಮೂಲೆ ಮಾತ್ರ ಹೊರಗೆಳೆದು ತೋರಿಸಿದರು. ಇದು ನಿಮ್ಮದಾ?

ವೆಂಕಟರಾಮಪ್ಪ ಹೆದರಲಿಲ್ಲ. ಬೆರಳಲ್ಲಿ ಮುಟ್ಟಿ ನೋಡಿ, ನಮ್ಮದೇ ಅಂಗಡೀದು ಅಂದ. ನೀವೀಗ ಇಲಾಖೆಯಲ್ಲಿಲ್ಲ, ಅದಕ್ಕೇ ಹೇಳಿದೆ, ನಾಳೆ ಕೋರ್ಟಿನಲ್ಲಿ ಕೇಳಿದರೆ ಸೀರೆ ಅಂದರೆ ಏನು ಅಂತ ಕೇಳ್ತೀನಿ ಅಂತಲೂ ಸೇರಿಸಿದ.

ನನಗೆ ತಡೆಯಲಾಗಲಿಲ್ಲ. ಹುಟ್ಟಿದ ಊರಿಗೇ ಮಣ್ಣು ಹಾಕ್ತೀಯಲ್ಲೋ, ನಿಮ್ಮಪ್ಪ ಗುಂಡಿ ಮಗ್ಗದಲ್ಲಿ ಕೂತು ಕಾಲು ಸವೆಸಿದ್ದು ಇದಕ್ಕಾ ಅಂತ ಅವನ ಅಂಗಿಯ ತೋಳು ಹಿಡಿದೆ. ಟೆರಿಲಿನ್, ಜಾರಿಹೋಯಿತು.

"ನನ್ ಮೇಲೆ ಯಾಕೆ ಹಾರ್ತೀಯ ಮುನಿಸ್ವಾಮಿ?" ಅಂದ ಅವನು, ಕಾಫಿ ಚೆಲ್ಲದಂತೆ ಲೋಟ ಎತ್ತಿ ಹಿಡಿದು. "ಆ ದೇಶದಲ್ಲಿ ಹೊರಗೆ ಮಾಲು ಕಳಿಸೋನಿಗೆ ಸರ್ಕಾರಾನೇ ಕೈಯಿಂದ ದುಡ್ಡು ಕೊಟ್ಟು ಕಳಿಸುತ್ತಂತೆ. ಇಲ್ಲಿ ನಿನ್ನ ನೂಲಿಗೆ ಸುಂಕ, ಬಣ್ಣಕ್ಕೆ ಸುಂಕ, ಮಗ್ಗಕ್ಕೆ ಲೈಸೆನ್ಸು. ರೂಪಾಯಿ ಬೆಲೆ ಇಳಿಸಿದ ಮೇಲೆ ನೂಲು ಇನ್ನೂ ತುಟ್ಟಿ. ಆ ಸೀರೆಗೆ ದೋಣಿ ಬಾಡಿಗೆ ಒಂದೇ ಖರ್ಚು. ಗಿರಾಕಿ ಎರಡನ್ನೂ ಮುಟ್ಟಿ ನೋಡಿ ಕಮ್ಮಿದು ಕೇಳ್ತಾಳೆ. ನಾನೇನು ಮಾಡ್ಲಿ, ಅವ್ಳಿಗೆ ಭಾಷಣ ಮಾಡ್ಲಾ?"

ಅವನು ಹೇಳಿದ್ದರಲ್ಲಿ ಕೊನೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ನಾನೇ ಕಮಿಟಿಯಲ್ಲಿ ಮೇಜು ಗುದ್ದಿ ಹೇಳಿದವನು. ಆ ಮಾತುಗಳನ್ನೇ ಅರ್ಜಿಯಾಗಿ ಬರೆದು ದೆಹಲಿಗೆ ಕಳಿಸಿದ್ದೆವು. ನಿಮ್ಮ ಅರ್ಜಿ ತಲುಪಿದೆ ಅಂತ ಉತ್ತರ ಬರುತ್ತಿತ್ತು. ಅದು ತಲುಪುವುದರಲ್ಲಿ ಮಾತ್ರ ಯಾವತ್ತೂ ಲೋಪವಾಗಿಲ್ಲ.

ಭಾವ ಮಾತನ್ನು ಮತ್ತೆ ಸೀರೆಗೆ ತಂದರು. ಪಿಂಡಿಯಲ್ಲಿದ್ದ ನೀಲಿ ಬಳ್ಳಿಯ ಸೀರೆಗಳೂ ನಿಮ್ಮವೇನಾ ಅಂದರು.

ವೆಂಕಟರಾಮಪ್ಪನ ಮುಖದಲ್ಲಿ ಮೊದಲ ಸಲ ಹಾಸ್ಯ ಹೋಯಿತು. ಅಲ್ಲ ಅಂದ. ನೀಲಿ ಬಳ್ಳಿಯದು ಅವನ ಅಂಗಡಿಗೇ ಬಂದಿಲ್ಲವಂತೆ. ಅದು ಪೇಟೆಯಲ್ಲಿ ಒಳಕೋಣೆಗಳಲ್ಲಿ ಅಲ್ಲ, ರಾಜಾರೋಷವಾಗಿ ಹೊರಗಿನ ಗಾಜಿನ ಬೀರುವಿನಲ್ಲೇ ಮಾರಾಟವಾಗುತ್ತಿದೆಯಂತೆ. ಕಳ್ಳಮಾಲನ್ನು ಅಷ್ಟು ಧೈರ್ಯವಾಗಿ ಹೇಗೆ ಮಾರುತ್ತಾರೆ ಅನ್ನುವುದು ಅವನಿಗೂ ಒಗಟಾಗಿದೆಯಂತೆ.

"ಸರಿ. ಈ ಗುಲಾಬಿದು ಯಾರು ಕೊಂಡ್ರು?"

"ಒಬ್ಬ ಹೆಂಗಸು. ಒಂದೇ ಸೀರೆ."

ನಾನು ಕಾಫಿ ಲೋಟ ಬೆಂಚಿನ ಮೇಲಿಟ್ಟೆ.

ಅವನು ಹೇಳಿದ್ದಿಷ್ಟು. ಆಕೆ ಒಬ್ಬಳೇ ಬಂದಳು. ಇದ್ದುದರಲ್ಲೇ ಚೆಲುವಾದದ್ದು, ಅಗ್ಗವಾದದ್ದು ತೋರಿಸು ಅಂದಳು. ಚೌಕಾಸಿ ಮಾಡಲಿಲ್ಲ. ಅಂಗಡಿಯವರು ಮಡಿಸಿ ಕೊಟ್ಟರೆ, ಹೀಗಾ ಸೀರೆ ಮಡಿಸೋದು ಅಂತ ಬಿಚ್ಚಿ, ಕೌಂಟರಿನ ಮೇಲೇ ತಾನೇ ಮಡಿಸಿಕೊಂಡು ಹೋದಳು. ಅದನ್ನು ನೋಡಿಯೇ ಅವನಿಗೆ ನಮ್ಮೂರಿನವಳು ಅಂತ ಗೊತ್ತಾಯಿತಂತೆ.

ಯಾರು ಅಂತ ಭಾವ ಕೇಳಿದರು. ಮುಖ ಮರೆತುಹೋಯಿತೇ?

ವೆಂಕಟರಾಮಪ್ಪ ಭಾವನನ್ನು ನೋಡಿದ. ನನ್ನನ್ನು ನೋಡಿದ. ಮೀಸೆಯ ತುದಿಯಲ್ಲಿ ಏನನ್ನೋ ತಡೆದುಕೊಳ್ಳುತ್ತಿದ್ದ ಹಾಗಿತ್ತು.

"ಗಿರಾಕಿ ಮುಖ ಮರೆಯೋನು ವ್ಯಾಪಾರ ಮಾಡೋಕಾಗಲ್ಲ ಸ್ವಾಮಿ. ಆದ್ರೆ ನನ್ನ ಬಾಯಿಂದ ಬೇಡ. ಪತ್ತೇದಾರ್ರು ನೀವು, ನೀವೇ ಹುಡುಕಿ."

ಅಷ್ಟರಲ್ಲಿ ಗಾಡಿ ಕೂಗಿತು. ಅವನು ಪೆಟ್ಟಿಗೆ ಎತ್ತಿಕೊಂಡು ಓಡಿದ. ಡಬ್ಬಿಯ ಬಾಗಿಲಲ್ಲಿ ನಿಂತು, ಹೊಗೆಯ ನಡುವೆ ಕೈಬೀಸಿ, ಮನೆಯಲ್ಲಿ ಹೆಂಗಸರನ್ನೆಲ್ಲ ಕೇಳಿದೆ ಅಂತ ಹೇಳಿ ಅಂದ. ಹೆಂಗಸರನ್ನೆಲ್ಲ! ನನಗೆ ರೈಲಿನ ಹಿಂದೆ ಓಡಿ ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ಈ ಹೊಟ್ಟೆ ಇಟ್ಟುಕೊಂಡು ಯಾವ ರೈಲಿನ ಹಿಂದೆ ಓಡಲಿ?

* * *

ದಾರಿಯುದ್ದಕ್ಕೂ ನಾನು ಭಾಗ್ಯಮ್ಮನ ಪರವಾಗಿ ವಕೀಲಿ ಮಾಡಿದೆ. ಆಸೆ ಯಾರಿಗಿಲ್ಲ ಭಾವ, ಹೆಣ್ಣುಮಗಳು, ಒಂದು ಸೀರೆ ಕೊಂಡಿರಬಹುದು, ನನ್ನ ಹೆದರಿಕೆಗೆ ಬಚ್ಚಿಟ್ಟಿರಬಹುದು, ಹೇಗೋ ಪಿಂಡಿಗೆ ಸೇರಿರಬಹುದು ಅಂದೆ. ಬಸ್ಸಿನಲ್ಲಿ ಬಯ್ದದ್ದನ್ನು ನೆನೆದು ನನಗೆ ನಿಜವಾಗಿಯೂ ಕಣ್ಣು ತುಂಬಿತು. ಅವಳನ್ನು ಜೀಪಿನಲ್ಲಿ ಕೂರಿಸುವುದಾದರೆ ಪಕ್ಕದಲ್ಲಿ ನನ್ನನ್ನೂ ಕೂರಿಸಲಿ ಅಂದುಕೊಂಡೆ.

ಭಾವ ಎಲೆಯಡಿಕೆ ಅಗಿಯುತ್ತ ನಡೆದರು.

ನಮ್ಮ ಮನೆಯ ನಡುಮನೆಯಲ್ಲಿ ಸೀರೆಗಳ ರಾಶಿ ಬಿದ್ದಿತ್ತು. ಅಮಾವಾಸ್ಯೆ ಮಗ್ಗಕ್ಕೆ ರಜೆ, ಮಡಿಕೆಗೆ ಯಾವ ರಜೆಯೂ ಇಲ್ಲ. ಭಾಗ್ಯಮ್ಮನೂ, ಅವಳಿಗೆ ಕೈ ಕೂಡಿಸಲು ಬಂದಿದ್ದ ನಮ್ಮಕ್ಕನೂ ಎದುರುಬದುರು ನಿಂತು, ಸೀರೆಯ ಎರಡು ತುದಿ ಹಿಡಿದು, ಜಾಡಿಸಿ, ಹತ್ತಿರ ಬಂದು, ದೂರ ಸರಿದು ಮಡಿಸುತ್ತಿದ್ದರು. ನಡುವೆ ಏನೋ ಗುಟ್ಟು ಹೇಳಿಕೊಂಡು ನಗು ಬೇರೆ. ಪಕ್ಕದಲ್ಲಿ ಅರಿಶಿನದ ಬಟ್ಟಲು. ಒಳಗಿನಿಂದ ಪಾಯಸದ ಏಲಕ್ಕಿ ವಾಸನೆ ಬರುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಜೀವಮಾನದಲ್ಲಿ ಮೊದಲ ಸಲ ಹೆಂಗಸರು ಸೀರೆ ಮಡಿಸುವುದನ್ನು ಕಣ್ಣು ಕೀಲಿಸಿ ನೋಡಿದೆ.

ಭಾಗ್ಯಮ್ಮ ಒಂದು ಮಡಿಕೆ ಮುಗಿಸಿದಳು. ಬೆರಳನ್ನು ಬಟ್ಟಲಿಗೆ ಅದ್ದಿದಳು. ಸೆರಗಿನ ಮೂಲೆಗೆ ತಾಗಿಸಿದಳು.

ಸೆರಗಿಗೆ! ನನ್ನ ಹೆಂಡತಿ ವಿಜಯಪುರದವಳು, ಅವಳ ತೌರಿನಲ್ಲಿ ಕಲಿತದ್ದನ್ನೇ ಮಾಡುತ್ತಾಳೆ. ಅವಳು ಈ ಮನೆಗೆ ಬರುವ ಹೊತ್ತಿಗೆ ನಮ್ಮಜ್ಜಿಯೇ ಇರಲಿಲ್ಲ. ನನಗೆ ಆದ ಸಂತೋಷಕ್ಕೆ ಅವಳಿಗೊಂದು ಜಪಾನ್ ಸೀರೆ ತಂದುಕೊಟ್ಟುಬಿಡೋಣ ಅನ್ನಿಸಿತು. ಆಮೇಲೆ ವಿವೇಕ ಬಂತು.

"ನೋಡಿದ್ರಾ ಭಾವ," ಅಂತ ತಿರುಗಿದೆ.

ಭಾವ ನನ್ನನ್ನು ನೋಡುತ್ತಿರಲಿಲ್ಲ. ಅವರ ದವಡೆ ಆಡುವುದು ನಿಂತಿತ್ತು.

ನಮ್ಮಕ್ಕ ಅಕ್ಕಯ್ಯಮ್ಮ ತನ್ನ ಕೈಯ ಸೀರೆಯನ್ನು ಮಡಿಸಿ ಮುಗಿಸಿದ್ದಳು. ಮಡಿಕೆಯನ್ನು ಹೆಬ್ಬೆರಳಿಂದ ಬಿಡಿಸಿ, ಒಳತುದಿಯನ್ನು ಚೂರೇ ಹೊರಗೆಳೆದು, ಅದರ ಮೂಲೆಗೆ ಅರಿಶಿನ ತಾಗಿಸಿ, ಮತ್ತೆ ಒಳಗೆ ಸೇರಿಸಿಟ್ಟಳು. ಯಾರಿಗೂ ಕಾಣದ ಹಾಗೆ. ದೇವರಿಗೆ ಮಾತ್ರ ಕಾಣುವ ಹಾಗೆ.

ನಾನೆಂಥ ದಡ್ಡ. ಅಜ್ಜಿಯ ಮನೆ ಅಂದ ಕೂಡಲೇ ನನ್ನ ಹೆಂಡತಿಯನ್ನು ನೆನೆದೆ. ಅಜ್ಜಿಯ ಕೈಹಿಡಿದು ಮಡಿಕೆ ಕಲಿತ ಮೊಮ್ಮಗಳನ್ನು, ಮದುವೆಯಾಗಿ ಹೋದವಳು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಊರಿನ ಕಳ್ಳರನ್ನೆಲ್ಲ ಹಿಡಿದ ಭಾವನ ಮನೆಯಲ್ಲೇ, ದೀಪದ ಬುಡದಲ್ಲೇ ಕತ್ತಲೆ.

ಭಾವ ಚೀಲದಿಂದ ಗುಲಾಬಿ ಸೀರೆ ತೆಗೆದು, ಕೆಂಪಗಾದ ಮೂಲೆ ಮೇಲೆ ಬರುವ ಹಾಗೆ ರಾಶಿಯ ಮೇಲಿಟ್ಟರು.

ಅಕ್ಕ ಅದನ್ನು ನೋಡಿದಳು. ಹೆದರುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಗಂಡನನ್ನೇ ದಿಟ್ಟಿಸಿದಳು.

"ಇಷ್ಟು ಹೊತ್ತು ಬೇಕಾಯ್ತಾ ನಿಮಗೆ? ಸುಣ್ಣದ ಡಬ್ಬಿ ಸೊಂಟದಲ್ಲೇ ಇತ್ತಲ್ಲ."

ಆಮೇಲೆ ಕೂತು, ಭಾಗ್ಯಮ್ಮನಿಗೂ ಕೂರಲು ಹೇಳಿ, ನಡೆದದ್ದನ್ನು ಹೇಳಿದಳು. ನೂಲು ಹಂಚುವ ಅಧಿಕಾರಿ ದೆಹಲಿಯಿಂದ ಬೆಂಗಳೂರಿಗೆ ಬಂದು, ಸಂಘದ ಮಳಿಗೆಯಲ್ಲಿ ನಮ್ಮ ಪಿಂಡಿ ಬಿಚ್ಚಿಸಿ ನೋಡುವವರಿದ್ದರು. ಅರ್ಜಿ ಓದದ ಕಣ್ಣಿಗೆ ಸೀರೆಯಾದರೂ ಕಾಣಲಿ ಅಂತ ಅವಳಿಗೆ ಹೊಳೆಯಿತು. ನಮ್ಮ ಸೀರೆಯ ಮೇಲೆ ಒಂದು ಜಪಾನ್ ಸೀರೆ ಇದ್ದರೆ, ಎರಡರ ಬೆಲೆಯನ್ನೂ ಕೇಳಿಯೇ ಕೇಳುತ್ತಾರೆ, ಆಗ ಮಳಿಗೆಯವರು ಬಾಯಿ ಬಿಡಲಿ ಅಂತ. ಅದಕ್ಕೇ ಚಿಕ್ಕಪೇಟೆಗೆ ಹೋದಳು, ಕೊಂಡಳು, ಪಿಂಡಿ ಹೊಲಿಯುವ ಮೊದಲು ಪಾಪಯ್ಯನ ಕೈಯಲ್ಲಿ ಮೇಲುಗಡೆ ಇಡಿಸಿದಳು. ಮನೆಯಿಂದ ಹೊರಡುವಾಗ ಬೆರಳು ತಾನಾಗಿ ಬಟ್ಟಲಿಗೆ ಹೋಯಿತಂತೆ, ಅವಳಿಗೆ ನೆನಪೇ ಇಲ್ಲ. ಸುಂಕದವರು ದಾರಿಯಲ್ಲೇ ಹಿಡಿಯುತ್ತಾರೆಂದು ಯಾರಿಗೆ ಗೊತ್ತಿತ್ತು?

ಅಂದರೆ ಪಾಪಯ್ಯನಿಗೆ ಮೊದಲಿಂದಲೂ ಗೊತ್ತಿತ್ತು. ನಾಳೆ ಜೀಪು ಹತ್ತುವುದಕ್ಕೆ ತಯಾರಾಗಿ, ಹುಣಸೆಹಣ್ಣು ಹೊತ್ತು ತಂದು, ಕಣ್ಣು ಮಂಜು ಅಂದಿದ್ದ.

"ನಾಳೆ ಸಂಜೆ ನಾನೇ ಬಂದು ಆಫೀಸರ ಮುಂದೆ ಹೇಳ್ತೀನಿ," ಅಂದಳು ಅಕ್ಕ. "ಪಾಪಯ್ಯನ್ನ ಯಾಕೆ ಬಲಿ ಕೊಡೋದು. ಆದ್ರೆ ನಾನಿಟ್ಟಿದ್ದು ಒಂದೇ ಸೀರೆ. ಆ ನೀಲಿ ರಾಶಿ ನಂದಲ್ಲ."

ಒಂದು ಅಂದರೆ ಆಫೀಸರು ನಂಬುವುದಿಲ್ಲ ಅಂದರು ಭಾವ. ದನಿ ಒಣಗಿತ್ತು. ರಾಶಿ ಯಾರದೆಂದು ತೋರಿಸದಿದ್ದರೆ ಎಲ್ಲವೂ ನಿನ್ನ ತಲೆಗೇ, ಸಂಘದ ಲೈಸೆನ್ಸೂ ಅದರ ಜೊತೆಗೇ ಹೋಗುತ್ತದೆ ಅಂದರು. ಪಿಂಡಿ ಕಟ್ಟುವಾಗ ಪಾಪಯ್ಯ ಅವನ್ನು ಹೇಗೆ ಒಳಗೆ ಹಾಕಿದ, ಅಷ್ಟಾದರೂ ಹೇಳಿದನೇ?

ಪಾಪಯ್ಯ ಬೆಳಿಗ್ಗೆ ನೋಡಿದನಲ್ಲ, ಹಾಗೆಯೇ ನನ್ನ ಮುಖ ನೋಡಿದಳು. ನನ್ನನ್ನು ಎತ್ತಿ ಆಡಿಸಿದ ಅಕ್ಕ.

"ಅವ್ನು ನಂಗೊಬ್ಳಿಗೇ ಹೇಳಿದ್ದು," ಅಂದಳು. "ಬಿಚ್ಚಿ ನೋಡೋದು ಅವ್ನ ಕೆಲ್ಸ ಅಲ್ಲ, ಅಂಚು ನೋಡಿ ಪಿಂಡಿಗೆ ಹಾಕೋದು ಅವ್ನ ಕೆಲ್ಸ. ಆ ನೀಲಿ ಸೀರೆಗಳಿಗೆಲ್ಲ ಸಂಘದ ಮೊಹರು ಬಿದ್ದಿತ್ತಂತೆ."

ಒಳಗೆ ಪಾಯಸ ಉಕ್ಕಿ ಒಲೆಗೆ ಬಿದ್ದದ್ದು ಕೇಳಿಸಿತು. ಭಾಗ್ಯಮ್ಮ ಏಳಲಿಲ್ಲ. ಭಾವ ನಿಧಾನವಾಗಿ ನನ್ನ ಕಡೆ ತಿರುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೊಂಟ ಮುಟ್ಟಿ ನೋಡಿಕೊಂಡೆ.

ಬೀಗದ ಕೈ ಉಡಿದಾರದಲ್ಲೇ ಇತ್ತು.